ದೋಣಿಯ ತೂಬು



ಕೆಲವು ವರ್ಷಗಳ ಹಿಂದೆ ನಾವು ಕೊಲ್ಲಾಪುರ, ಇಚಲಕರಂಜಿ, ಗಡಹಿಂಗ್ಲಜಗಳ ಕೆಲವು ವಿದ್ಯಾರ್ಥಿಗಳನ್ನು ಕರೆದುಕೊಂಡು ಗೋಕರ್ಣಕ್ಕೆ ಪ್ರವಾಸ ಹೋಗಿದ್ದೆವು. ದೇವದರ್ಶನ, ಸಮುದ್ರದರ್ಶನಗಳು ಮುಗಿದ ಮೇಲೆ ಸಮೀಪದ ತದಡಿಯನ್ನು ನೋಡಲು ಹೊರಟೆವು. ಅಘನಾಶಿನಿ ನದಿಯು ಕಡಲನ್ನು ಕೂಡುವ ಅಳಿವೆಯ ದಂಡೆಯಲ್ಲಿ ಈ ಊರು ಇದೆ. ಅಲ್ಲಿಯ ಬಂದರದಲ್ಲಿ ದೊಡ್ಡ ಯಾಂತ್ರಿಕ ದೋಣಿಗಳು ಸಾಲಾಗಿ ನಿಂತಿದ್ದವು. ಅವುಗಳಿಂದ ತುಸು ದೂರದಲ್ಲಿ, ಮರಳಿನ ಮೇಲೆ ಎಳೆದು ಹಾಕಿದ ಚಿಕ್ಕದೊಂದು ಫೈಬರ್ ದೋಣಿಯ ಹಿಂದೆ ವೃದ್ಧ ಮೀನುಗಾರರೊಬ್ಬರು ಕುಳಿತು, ತಿರುಪು ಮೊಳೆಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದರು.

ನಮ್ಮ ಹುಡುಗರಲ್ಲೊಬ್ಬನು ಬಗ್ಗಿ ನೋಡಿದನು. ದೋಣಿಯ ಹಿಂಬದಿಯ ಹಲಗೆಯಲ್ಲಿ, ತಳಕ್ಕೆ ಸಮೀಪವಾಗಿ, ಹೆಬ್ಬೆರಳು ಹೋಗುವಷ್ಟು ದೊಡ್ಡದಾದ ತೂತು ಇತ್ತು. ಅವನು ನಗುತ್ತ, “ಅಜ್ಜಾ, ನಿಮ್ಮ ದೋಣಿಗೆ ತೂತು ಬಿದ್ದಿದೆಯಲ್ಲ!” ಎಂದನು.

“ಬಿದ್ದದ್ದಲ್ಲ ತಮ್ಮಾ, ಇಟ್ಟದ್ದು,” ಎಂದರು ಆ ಹಿರಿಯರು. “ಇದು ಇಲ್ಲದಿದ್ದರೆ ದೋಣಿ ಬಾಳುವದಿಲ್ಲ. ಇದನ್ನು ಮರೆತರೆ ನಾವು ಬಾಳುವದಿಲ್ಲ.”

ಹುಡುಗರ ನಗೆ ನಿಂತಿತು. ಎಲ್ಲರೂ ಸುತ್ತ ಕುಳಿತರು. ಮುಂದಿನ ಒಂದು ತಾಸಿನಲ್ಲಿ ನಾವು ಕಂಡದ್ದನ್ನೂ ಕೇಳಿದ್ದನ್ನೂ, ಆಮೇಲೆ ವಿಚಾರಿಸಿ ತಿಳಿದುಕೊಂಡದ್ದನ್ನೂ ಇಲ್ಲಿ ಬರೆಯುತ್ತಿದ್ದೇವೆ. ಕಡಲಿನಿಂದ ದೂರವಿರುವ ನಮಗೆ ಮೀನುದೋಣಿಯ ತೂತಿನ ಗೊಡವೆ ಏಕೆ ಎಂದು ಯಾರಾದರೂ ಕೇಳಬಹುದು. ಆ ಪ್ರಶ್ನೆಗೆ ಉತ್ತರವು ಲೇಖನದ ಕೊನೆಯಲ್ಲಿದೆ; ಪಂಚಗಂಗೆಯ ದಂಡೆಯಲ್ಲಿ ಮನೆಯುಳ್ಳವರಿಗೆ ಅದು ಈಗಲೇ ಹೊಳೆದಿದ್ದರೂ ಆಶ್ಚರ್ಯವಿಲ್ಲ.

ದೋಣಿಗೆ ತೂತು ಏಕೆ?

ಕೆರೆಯ ಏರಿಯೊಳಗಿಂದ ನೀರನ್ನು ಹೊರಗೆ ಬಿಡುವ ದಾರಿಗೆ ನಮ್ಮ ಹಿರಿಯರು ತೂಬು ಎಂದು ಹೆಸರಿಟ್ಟರು. ಬೇಕಾದಾಗ ತೆರೆಯುವದು, ಬೇಡವಾದಾಗ ಮುಚ್ಚುವದು ಅದರ ಲಕ್ಷಣ. ದೋಣಿಯ ಈ ತೂತಿಗೂ ಅದೇ ಹೆಸರು ಒಪ್ಪುತ್ತದೆ.

ದೋಣಿಯೊಳಗೆ ನೀರು ಹಲವು ದಾರಿಗಳಿಂದ ಬರುತ್ತದೆ. ತೆರೆ ಅಪ್ಪಳಿಸಿದಾಗ ಸಿಡಿದು ಬರುತ್ತದೆ, ಬಲೆಯನ್ನು ಎಳೆದಾಗ ಅದರೊಡನೆ ಸುರಿಯುತ್ತದೆ, ಮಳೆಯಿಂದ ಬೀಳುತ್ತದೆ, ಮೀನಿನ ಮಂಜುಗಡ್ಡೆ ಕರಗಿ ಹರಿಯುತ್ತದೆ. ದೋಣಿಯನ್ನು ದಂಡೆಗೆ ಎಳೆದ ಮೇಲೆ ಈ ನೀರೆಲ್ಲ ಹೊರಗೆ ಹೋಗಲೇಬೇಕು. ಹೋಗದೆ ನಿಂತರೆ ಕೊಳೆತು ನಾರುತ್ತದೆ, ಸೊಳ್ಳೆಗಳನ್ನು ಬೆಳೆಸುತ್ತದೆ, ದೋಣಿಯ ಮರದ ಭಾಗಗಳನ್ನು ಕೆಡಿಸುತ್ತದೆ. ಚಿಕ್ಕ ದೋಣಿಯನ್ನು ಬೋರಲು ಹಾಕಿ ನೀರು ಚೆಲ್ಲಬಹುದು. ಆದರೆ ಇಂಜಿನ್ನು ತೂಗುಹಾಕಿದ, ನಾಲ್ಕಾರು ಜನರೂ ಎತ್ತಲಾರದ ದೋಣಿಯನ್ನು ದಿನವೂ ಬೋರಲು ಹಾಕುವದು ಸಾಧ್ಯವಿಲ್ಲ. ಆದುದರಿಂದ ಅದರ ಅತ್ಯಂತ ತಗ್ಗಾದ ಸ್ಥಳದಲ್ಲಿ ತೂತೊಂದನ್ನು ಇಟ್ಟು, ಅದರೊಳಗೆ ಒಂದು ಕೊಳವೆಯನ್ನು ಕೂಡಿಸಿ, ಕೊಳವೆಗೆ ಬೂಚು ಹಾಕುತ್ತಾರೆ. ದಂಡೆಯ ಮೇಲೆ ಬೂಚು ತೆಗೆದು, ದೋಣಿಯ ಮುಂಭಾಗವನ್ನು ತುಸು ಎತ್ತಿದರೆ ಸಾಕು. ನೀರು ತಾನಾಗಿಯೇ ಹರಿದುಹೋಗುತ್ತದೆ. ನೀರಿಗಿಳಿಯುವ ಮೊದಲು ಬೂಚನ್ನು ಮರಳಿ ಹಾಕಬೇಕು.

ಈ ತೂಬಿನ ಅಂಗಗಳು ನಾಲ್ಕು: ಹಲಗೆಯನ್ನು ಆರುಪಾರು ದಾಟುವ ಕೊಳವೆ, ಕೊಳವೆಯ ಬಾಯಿಗಿರುವ ಅಗಲವಾದ ಅಂಚುತಟ್ಟೆ, ತಟ್ಟೆಯನ್ನು ಹಲಗೆಗೆ ಬಿಗಿಯುವ ತಿರುಪು ಮೊಳೆಗಳು, ರಬ್ಬರಿನ ವಾಶರ್ ಉಳ್ಳ ಬೂಚು. ಇವೆಲ್ಲವನ್ನೂ ಒಂದು ಅಂಗೈಯಲ್ಲಿ ಹಿಡಿಯಬಹುದು. ಆದರೆ ದೋಣಿಯಲ್ಲಿ ನೀರಿನ ಮಟ್ಟಕ್ಕಿಂತ ಕೆಳಗೆ, ಮನುಷ್ಯನು ತಿಳಿದೂ ತಿಳಿದೂ ಮಾಡಿದ ತೂತು ಇದು. ಇದನ್ನು ಕಾಯುವ ಕೆಲಸ ಆ ಅಂಗೈಯಷ್ಟು ಸಾಮಾನಿನದು.

ಒಂದು ಅಂಗುಲದ ಲೆಕ್ಕ

“ಇಷ್ಟು ಚಿಕ್ಕ ತೂತಿನಿಂದ ಎಷ್ಟು ನೀರು ಬಂದೀತು?” ಎಂದು ನಮ್ಮ ಹುಡುಗಿಯೊಬ್ಬಳು ಕೇಳಿದಳು. ಊರಿಗೆ ಮರಳಿದ ಮೇಲೆ ಇದರ ಲೆಕ್ಕವನ್ನು ಹಲಗೆಯ ಮೇಲೆ ಮಾಡಿ ತೋರಿಸಿದೆವು.

ನೀರಿನ ಮಟ್ಟದಿಂದ 20 ಸೆಂಟಿಮೀಟರು ಕೆಳಗೆ 25 ಮಿಲಿಮೀಟರು, ಅಂದರೆ ಸುಮಾರು ಒಂದು ಅಂಗುಲ, ವ್ಯಾಸದ ತೂತು ಇದೆ ಎಂದು ತಿಳಿಯಿರಿ. 17ನೆಯ ಶತಮಾನದಲ್ಲಿ ಇಟಲಿಯ ಟೊರಿಚೆಲ್ಲಿ ಎಂಬ ವಿಜ್ಞಾನಿಯು ತೋರಿಸಿಕೊಟ್ಟ ನಿಯಮದಂತೆ, ಒಂದು ವಸ್ತುವು ಅಷ್ಟೇ ಎತ್ತರದಿಂದ ಬಿದ್ದರೆ ಯಾವ ವೇಗವನ್ನು ಪಡೆಯುವದೋ ಅದೇ ವೇಗದಿಂದ ನೀರು ತೂತಿನೊಳಗೆ ನುಗ್ಗುತ್ತದೆ. ಇಲ್ಲಿ ಆ ವೇಗವು ಸೆಕೆಂಡಿಗೆ ಸುಮಾರು 2 ಮೀಟರು. ತೂತಿನ ಅಂಚಿನಲ್ಲಿ ಧಾರೆಯು ಕಿರಿದಾಗುವದನ್ನು ಲೆಕ್ಕಕ್ಕೆ ಹಿಡಿದರೂ ಮಿನಿಟಿಗೆ ಹೆಚ್ಚುಕಡಿಮೆ 35 ಲೀಟರು ನೀರು ಒಳಗೆ ಬರುತ್ತದೆ. ಮನೆಯ ಬಕೆಟ್ಟಿನಿಂದ ಅಳೆದರೆ ಎರಡು ಬಕೆಟ್ಟಿಗೂ ಮಿಕ್ಕು. ಹತ್ತು ಮಿನಿಟಿನಲ್ಲಿ 350 ಲೀಟರು. ಅದರ ತೂಕ 350 ಕಿಲೋಗ್ರಾಮು. ಐದಾರು ಜನ ದೊಡ್ಡವರು ಕರೆಯದೆ ಬಂದು ದೋಣಿಯಲ್ಲಿ ಕುಳಿತಂತಾಯಿತು.

ಇಲ್ಲಿ ಇನ್ನೊಂದು ಮಾತನ್ನು ಗಮನಿಸಬೇಕು. ಒಳಗೆ ನೀರು ಏರಿದಂತೆ ಹೊರಗಿನಿಂದ ಬರುವದು ತಾನಾಗಿ ಕಡಿಮೆಯಾಗುವದೆಂದು ಅನೇಕರು ತಿಳಿಯುತ್ತಾರೆ. ಹಾಗಾಗುವದಿಲ್ಲ. ಒಳಗಿನ ನೀರು ಏರಿದಷ್ಟೂ ದೋಣಿಯು ಕೆಳಗಿಳಿಯುತ್ತದೆ. ಒಳಗಿನ ಮಟ್ಟಕ್ಕೂ ಹೊರಗಿನ ಮಟ್ಟಕ್ಕೂ ಇರುವ ಅಂತರವು ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಆದುದರಿಂದ ಧಾರೆಯ ವೇಗವೂ ತಗ್ಗುವದಿಲ್ಲ.

ಒಳಗೆ ಬಂದ ನೀರು ಸುಮ್ಮನೆ ಒಂದೆಡೆಯಲ್ಲಿ ನಿಲ್ಲುವದೂ ಇಲ್ಲ. ಅಗಲವಾದ ತಾಟಿನಲ್ಲಿ ನೀರು ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದು ನೋಡಿರಿ. ತಾಟು ಯಾವ ಕಡೆಗೆ ತುಸು ವಾಲಿತೋ ಆ ಕಡೆಗೇ ನೀರೆಲ್ಲ ಓಡಿ, ವಾಲಿದ್ದನ್ನು ಇನ್ನಷ್ಟು ವಾಲಿಸುತ್ತದೆ. ದೋಣಿಯಲ್ಲಿಯೂ ಹೀಗೆಯೇ. ಕೆಲವು ಫೈಬರ್ ದೋಣಿಗಳ ಒಡಲಲ್ಲಿ ಹಗುರವಾದ ನೊರೆಗಟ್ಟಿಯನ್ನು ತುಂಬಿರುತ್ತಾರೆ. ಅಂಥ ದೋಣಿ ಪೂರ್ತಿ ಮುಳುಗಲಿಕ್ಕಿಲ್ಲ. ಆದರೆ ನೀರು ತುಂಬಿದ ದೋಣಿ ಮುಳುಗುವ ಮೊದಲೇ ಮಗುಚಬಹುದು.

ವಿದ್ಯಾರ್ಥಿಗಳು ಮನೆಯಲ್ಲಿ ಹಿರಿಯರ ಎದುರಿನಲ್ಲಿ ಈ ಪ್ರಯೋಗ ಮಾಡಬಹುದು. ಒಂದೇ ಅಳತೆಯ ಎರಡು ಪ್ಲಾಸ್ಟಿಕ್ ಡಬ್ಬಿಗಳನ್ನು ತೆಗೆದುಕೊಂಡು, ಒಂದರ ತಳಕ್ಕೆ 3 ಮಿಲಿಮೀಟರಿನ, ಇನ್ನೊಂದರ ತಳಕ್ಕೆ 6 ಮಿಲಿಮೀಟರಿನ ತೂತು ಮಾಡಿಸಿರಿ. ಎರಡರಲ್ಲಿಯೂ ಸಮತೂಕದ ಕಲ್ಲುಗಳನ್ನಿಟ್ಟು ನೀರಿನ ತೊಟ್ಟಿಯಲ್ಲಿ ತೇಲಿಬಿಡಿರಿ. ಮುಳುಗಲು ಹಿಡಿಯುವ ಸಮಯವನ್ನು ಗಡಿಯಾರದಿಂದ ಅಳೆಯಿರಿ. ತೂತಿನ ವ್ಯಾಸ ಇಮ್ಮಡಿಯಾದರೆ ಸಮಯವು ಅರ್ಧವಾಗುವದಿಲ್ಲ, ಹೆಚ್ಚುಕಡಿಮೆ ಕಾಲು ಭಾಗವಾಗುತ್ತದೆ. ವ್ಯಾಸ ಎರಡು ಪಟ್ಟಾದಾಗ ಕ್ಷೇತ್ರಫಲ ನಾಲ್ಕು ಪಟ್ಟಾಗುವದೆಂಬ ಗಣಿತದ ಪಾಠವು ಇಲ್ಲಿ ಕಣ್ಣಿಗೆ ಕಾಣುತ್ತದೆ.

ತೂಬು ಕೆಡುವ ಬಗೆ

ತದಡಿಯ ಅಜ್ಜ ಬಿಚ್ಚಿ ತೆಗೆದ ಹಳೆಯ ಕೊಳವೆಯನ್ನು ನಮ್ಮ ಕೈಗೆ ಕೊಟ್ಟರು. ಅದು ಹಿತ್ತಾಳೆಯದು. ಹೊಸ ಹಿತ್ತಾಳೆಯ ಹಳದಿ ಹೊಳಪು ಅದರಲ್ಲಿರಲಿಲ್ಲ. ಅಲ್ಲಲ್ಲಿ ತಾಮ್ರದಂತೆ ಕೆಂಪಾಗಿತ್ತು. ಅವರು ಇಕ್ಕಳದಿಂದ ಒತ್ತಿದೊಡನೆ ಅಂಚು ಹಪ್ಪಳದಂತೆ ಮುರಿಯಿತು.

ಇದರ ಕಾರಣವನ್ನು ನಮ್ಮ ಕೊಲ್ಲಾಪುರದ ಎರಕದ ಕಾರಖಾನೆಗಳಲ್ಲಿ ದುಡಿಯುವ ಪಾಲಕರು ಬೇಗನೆ ಊಹಿಸಬಲ್ಲರು. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತುಗಳ ಬೆರಕೆ. ಸಮುದ್ರದ ಉಪ್ಪುನೀರಿನಲ್ಲಿ ವರ್ಷಾನುವರ್ಷ ನೆನೆದರೆ ಅದರೊಳಗಿನ ಸತು ಕರಗಿ ಹೊರಗೆ ಹೋಗುತ್ತದೆ. ಜೇನುಗೂಡಿನಂತೆ ಟೊಳ್ಳಾದ ತಾಮ್ರ ಉಳಿಯುತ್ತದೆ. ಆಕಾರ ಹಾಗೆಯೇ ಇರುವದು, ಬಲ ಮಾತ್ರ ಇರುವದಿಲ್ಲ. ಈ ಕಾರಣದಿಂದ ಸಮುದ್ರದ ಕೆಲಸಕ್ಕೆ ಸತು ಕಡಿಮೆಯಿದ್ದು ತವರ ಬೆರೆತ ಕಂಚು ಉತ್ತಮ. ಸಮುದ್ರಕ್ಕೆಂದೇ ಮಾಡಿದ ಸ್ಟೇನ್‌ಲೆಸ್ ಉಕ್ಕನ್ನೂ ಉಪಯೋಗಿಸುತ್ತಾರೆ.

ಎರಡನೆಯ ಕೇಡು ಎರಡು ಲೋಹಗಳ ಸಹವಾಸದಿಂದ ಬರುವದು. 1800ರಲ್ಲಿ ವೋಲ್ಟಾ ಎಂಬ ವಿಜ್ಞಾನಿಯು ಎರಡು ಬೇರೆ ಬೇರೆ ಲೋಹಗಳ ಬಿಲ್ಲೆಗಳ ನಡುವೆ ಉಪ್ಪುನೀರಿನಲ್ಲಿ ತೊಯ್ಸಿದ ಬಟ್ಟೆಯನ್ನಿಟ್ಟು ವಿದ್ಯುತ್ತನ್ನು ಪಡೆದುದನ್ನು ನೀವು ವಿಜ್ಞಾನದ ಪುಸ್ತಕದಲ್ಲಿ ಓದಿದ್ದೀರಿ. ಹಿತ್ತಾಳೆಯ ತಟ್ಟೆಗೆ ಕಬ್ಬಿಣದ ಮೊಳೆ ಹೊಡೆದು ಕಡಲಿಗಿಳಿಸಿದರೆ ಅಲ್ಲಿಯೂ ಅಂಥದೇ ಒಂದು ಬ್ಯಾಟರಿ ಸಿದ್ಧವಾಗುತ್ತದೆ. ಅದು ದೀಪ ಹೊತ್ತಿಸುವದಿಲ್ಲ; ಮೊಳೆಯನ್ನು ತಿನ್ನುತ್ತದೆ. ತಟ್ಟೆ ದೊಡ್ಡದು, ಮೊಳೆ ಚಿಕ್ಕದು. ಹೀಗಿರುವಾಗ ಮೊಳೆ ಇನ್ನೂ ಬೇಗ ಸವೆಯುತ್ತದೆ. ಆದುದರಿಂದ ಕೊಳವೆ ಯಾವ ಜಾತಿಯ ಲೋಹದ್ದೋ ಮೊಳೆಯೂ ಸಾಧ್ಯವಿದ್ದಷ್ಟು ಅದೇ ಜಾತಿಯದಾಗಿರಬೇಕು. ನಮ್ಮ ನದಿಗಳ ಸಿಹಿನೀರಿನಲ್ಲಿ ಈ ಕ್ರಿಯೆ ನಿಧಾನವಾಗಿ ನಡೆಯುವದು, ಆದರೆ ನಡೆಯದೆ ಇರುವದಿಲ್ಲ. ದೋಣಿಯ ಒಡಲನ್ನೂ ಅದರ ಲೋಹಭಾಗಗಳನ್ನೂ ಇಂಥ ಸವೆತದಿಂದ ಉಳಿಸುವ ಬಗೆಗೆ, ಕೊಚ್ಚಿಯಲ್ಲಿ 1957ರಲ್ಲಿ ಸ್ಥಾಪಿತವಾದ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯು ಅಭ್ಯಾಸ ನಡೆಸುತ್ತ ಬಂದಿದೆ.

ಪ್ಲಾಸ್ಟಿಕ್ಕಿನ ಕೊಳವೆಗೆ ತುಕ್ಕಿನ ಭಯವಿಲ್ಲ. ಅದರ ವೈರಿ ಬಿಸಿಲು. ವರ್ಷಗಟ್ಟಲೆ ಬಿಸಿಲಿನಲ್ಲಿ ಬಿದ್ದ ದೋಣಿಯ ಪ್ಲಾಸ್ಟಿಕ್ ತಟ್ಟೆಯು ಬೆಳ್ಳಗಾಗಿ, ಕೂದಲೆಳೆಯಂಥ ಬಿರುಕುಗಳನ್ನು ತೋರಿಸುತ್ತದೆ. ಬೂಚಿನ ರಬ್ಬರು ಕೂಡ ಒಣಗಿ, ಗಟ್ಟಿಯಾಗಿ, ತನ್ನ ಮೆತ್ತಗಿನ ಗುಣವನ್ನು ಕಳೆದುಕೊಳ್ಳುತ್ತದೆ. ಹಾಗಾದಾಗ ಬೂಚನ್ನು ಎಷ್ಟು ಬಿಗಿದರೂ ನೀರು ಜಿನುಗುವದು ನಿಲ್ಲುವದಿಲ್ಲ.

ಎಲ್ಲಕ್ಕಿಂತ ಗುಪ್ತವಾದ ಕೇಡು ಹಲಗೆಯೊಳಗೆ ಇರುತ್ತದೆ. ಅನೇಕ ಫೈಬರ್ ದೋಣಿಗಳ ಹಿಂಬದಿಯ ಹಲಗೆಯಲ್ಲಿ, ಇಂಜಿನ್ನಿನ ಭಾರವನ್ನು ತಡೆಯುವ ಸಲುವಾಗಿ, ಎರಡು ಫೈಬರ್ ಪದರಗಳ ನಡುವೆ ಮರದ ಹಲಗೆಯನ್ನು ಕೂಡಿಸಿರುತ್ತಾರೆ. ತೂತಿನ ಅಂಚನ್ನು ಸರಿಯಾಗಿ ಮುಚ್ಚದಿದ್ದರೆ ನೀರು ಈ ಮರವನ್ನು ಸೇರಿ ಅದನ್ನು ಕೊಳೆಸುತ್ತದೆ. ಹೊರಗಿನಿಂದ ದೋಣಿ ಹೊಸದರಂತೆಯೇ ಕಾಣುತ್ತದೆ.

ಹೊಸ ತೂಬು ಕೂಡಿಸುವ ರೀತಿ

ಆ ಹಿರಿಯರು ಕೆಲಸ ಮಾಡಿದ ಕ್ರಮವು ಯಾವದೇ ಕೆಲಸವನ್ನು ಕಲಿಯುವವರಿಗೆ ಮಾದರಿಯಾಗುವಂಥದು. ಅದನ್ನು ಅನುಕ್ರಮವಾಗಿ ಹೇಳುತ್ತೇವೆ.

ಮೊದಲನೆಯದಾಗಿ, ರೋಗ ಎಲ್ಲಿದೆ ಎಂದು ಅವರು ಹುಡುಕಿದರು. ಸೋರುವ ದೋಣಿಯನ್ನು ನೀರಿನಲ್ಲಿಟ್ಟು ಪರೀಕ್ಷಿಸುವದಕ್ಕಿಂತ ದಂಡೆಯ ಮೇಲೆ ಪರೀಕ್ಷಿಸುವದು ಸುಲಭ. ಬೂಚು ಹಾಕಿ, ದೋಣಿಯೊಳಗೆ ನಾಲ್ಕು ಕೊಡ ನೀರು ಸುರಿದು, ಹೊರಗಿನಿಂದ ಒಣಬಟ್ಟೆಯಿಂದ ಒರೆಸಿ ನೋಡಬೇಕು. ಬೂಚಿನ ನಡುವಿನಿಂದ ಹನಿ ಬಂದರೆ ವಾಶರನ್ನು ಬದಲಿಸಿದರೆ ಸಾಕಾಗಬಹುದು. ತಟ್ಟೆಯ ಅಂಚಿನಿಂದಾಗಲಿ ಮೊಳೆಗಳ ಬುಡದಿಂದಾಗಲಿ ಹನಿ ಬಂದರೆ ಇಡೀ ತೂಬನ್ನು ಬಿಚ್ಚಲೇಬೇಕು.

ಎರಡನೆಯದು, ಅಳತೆ. ತೂತಿನ ವ್ಯಾಸ, ಹಲಗೆಯ ದಪ್ಪ, ಮೊಳೆಗಳ ನಡುವಿನ ಅಂತರ ಇವುಗಳನ್ನು ಅಳೆದುಕೊಂಡೇ ಪೇಟೆಗೆ ಹೋಗಬೇಕು. ಹೊಸದು ಕೂತು ನೀರಿನಲ್ಲಿ ಪರೀಕ್ಷೆಯಾಗುವವರೆಗೆ ಹಳೆಯದನ್ನು ಎಸೆಯಬಾರದೆಂದು ಅಜ್ಜ ಹೇಳಿದರು. ಕೆಟ್ಟದ್ದಾದರೂ ಅದು ಅಳತೆಯ ಸಾಕ್ಷಿ.

ಮೂರನೆಯದು, ಬಿಚ್ಚುವದು. ಮೊಳೆಗಳನ್ನು ತೆಗೆದ ಮೇಲೆ ತಟ್ಟೆಯ ಕೆಳಗಿನ ಹಳೆಯ ಅಂಟನ್ನು ತೆಳುವಾದ ಅಲಗಿನಿಂದ ಸುತ್ತಲೂ ಕೊಯ್ದು ಬಿಡಿಸಿದರು. ಅವಸರದಿಂದ ಮೀಟಿದ್ದರೆ ಫೈಬರಿನ ಮೇಲ್ಪದರ ಚಕ್ಕೆ ಎದ್ದು, ಒಂದು ಕೆಲಸಕ್ಕೆ ಎರಡು ಕೆಲಸವಾಗುತ್ತಿತ್ತು.

ನಾಲ್ಕನೆಯದು ಅತ್ಯಂತ ಮಹತ್ವದ್ದು. ಅವರು ಬರಿದಾದ ತೂತಿನ ಸುತ್ತ ಚಿಕ್ಕ ಸುತ್ತಿಗೆಯಿಂದ ಮೆಲ್ಲನೆ ತಟ್ಟಿ ಕಿವಿಗೊಟ್ಟು ಕೇಳಿದರು. ಗಟ್ಟಿಯಾದ ಹಲಗೆ ಟಣ್ಣೆಂದು ಉತ್ತರ ಕೊಡುತ್ತದೆ. ಕೊಳೆತದ್ದು ಬೊದ್ದು ದನಿಯನ್ನು ಕೊಡುತ್ತದೆ. ಬಳಿಕ ದಬ್ಬಣದಿಂದ ಮರವನ್ನು ಚುಚ್ಚಿ ನೋಡಿದರು. ಅದು ಸುಲಭವಾಗಿ ಒಳಗೆ ಹೋದರೆ, ಇಲ್ಲವೇ ಮೊಳೆಯ ತೂತಿನಿಂದ ಕಪ್ಪು ನೀರು ಬಂದರೆ, ಅಲ್ಲಿಗೇ ಕೆಲಸ ನಿಲ್ಲಿಸಬೇಕು. ಕೊಳೆತ ಮರವನ್ನು ಕತ್ತರಿಸಿ ತೆಗೆದು ಹೊಸದನ್ನು ಕೂಡಿಸದೆ, ಅದರ ಮೇಲೆ ಬೆಲೆಯುಳ್ಳ ತೂಬನ್ನು ಬಿಗಿಯುವದು ವ್ಯರ್ಥ. ಅಂದಿನ ದೋಣಿಯ ಮರ ಕೊಳೆತಿರಲಿಲ್ಲ, ಬರೀ ತೇವವಾಗಿತ್ತು. “ಇನ್ನು ಮೂರು ದಿನ ಬಿಸಿಲಿಗೆ ಬಿಡುತ್ತೇನೆ,” ಎಂದರು ಅವರು. “ಮೂರು ದಿನ ಕಡಲಿಗೆ ಹೋಗದಿದ್ದರೆ ನಷ್ಟವಲ್ಲವೇ ಅಜ್ಜಾ?” ಎಂದು ಒಬ್ಬ ಹುಡುಗ ಕೇಳಿದನು. “ಮೂರು ದಿನದ ನಷ್ಟ ಲೆಕ್ಕಕ್ಕೆ ಸಿಗುತ್ತದೆ ತಮ್ಮಾ,” ಎಂದಷ್ಟೇ ಹೇಳಿ ಅವರು ಸುಮ್ಮನಾದರು.

ಮುಂದಿನ ಕೆಲಸವನ್ನು ಅವರು ಕೈಸನ್ನೆಗಳಿಂದ ತಿಳಿಸಿಕೊಟ್ಟರು. ಒಣಗಿದ ಮೇಲೆ ತೂತಿನ ಒಳಗೋಡೆಗೆ ರಾಳವನ್ನು ಹಚ್ಚಿ, ಮರವು ನೀರು ಹೀರದಂತೆ ಮುಚ್ಚಬೇಕು. ಸಡಿಲಾದ ಹಳೆಯ ಮೊಳೆತೂತುಗಳನ್ನೂ ರಾಳದಿಂದ ತುಂಬಿ, ಅದು ಗಟ್ಟಿಯಾದ ಮೇಲೆ ಬೈರಿಗೆಯಿಂದ ಹೊಸ ತೂತು ಕೊರೆಯಬೇಕು. ಹೊಸ ಕೊಳವೆಯನ್ನು ಮೊದಲು ಅಂಟಿಲ್ಲದೆ ಕೂಡಿಸಿ ನೋಡಬೇಕು. ಸರಿಯಾಗಿ ಕೂಡುವದೆಂದು ಕಂಡ ಮೇಲೆ ಮರಳುಕಾಗದದಿಂದ ಉಜ್ಜಿ, ಜಿಡ್ಡು ಧೂಳುಗಳಿಲ್ಲದಂತೆ ಒರೆಸಿ, ತಟ್ಟೆಯ ಕೆಳಗೆ, ಕೊಳವೆಯ ಸುತ್ತ, ಪ್ರತಿಯೊಂದು ಮೊಳೆಯ ತೂತಿನಲ್ಲಿ ದೋಣಿಗೆಂದೇ ತಯಾರಾದ ಸೀಲಂಟನ್ನು ಹಚ್ಚಬೇಕು. ಸ್ನಾನದ ಮನೆಯ ಸಂದುಗಳಿಗೆ ಹಚ್ಚುವ ಅಗ್ಗದ ಅಂಟು ನೀರಿನ ಮಟ್ಟದ ಕೆಳಗೆ ನೆಚ್ಚುವಂಥದಲ್ಲ. ಮೊಳೆಗಳನ್ನು ಒಂದೊಂದನ್ನೇ ಪೂರ್ತಿ ಬಿಗಿಯದೆ, ಎದುರುಬದುರಿನವುಗಳನ್ನು ಸರದಿಯಂತೆ ತುಸುತುಸುವೇ ಬಿಗಿಯಬೇಕು. ಅಂಟೆಲ್ಲ ಹಿಂಡಿ ಹೊರಗೆ ಬರುವಷ್ಟು ಬಿಗಿದರೆ ತಟ್ಟೆಯ ಕೆಳಗೆ ಉಳಿಯುವದೇನು? ಬಳಿಕ ಅಂಟಿನ ಕೊಳವೆಯ ಮೇಲೆ ಬರೆದಷ್ಟು ಕಾಲ, ಒಂದು ದಿನವಾಗಲಿ ಹಲವು ದಿನಗಳಾಗಲಿ, ಅದು ಗಟ್ಟಿಯಾಗುವವರೆಗೆ ಕಾಯಬೇಕು.

ಕಡೆಯದಾಗಿ, ಮೊದಲು ಮಾಡಿದ ನೀರಿನ ಪರೀಕ್ಷೆಯನ್ನೇ ದಂಡೆಯ ಮೇಲೆ ಮತ್ತೊಮ್ಮೆ ಮಾಡಬೇಕು. ಅದರಲ್ಲಿ ತೇರ್ಗಡೆಯಾದ ದೋಣಿಯನ್ನು ದಂಡೆಯ ಹತ್ತಿರವೇ ಅರ್ಧ ತಾಸು ತೇಲಿಬಿಟ್ಟು, ಒಳಗೆ ಕೈಯಾಡಿಸಿ ನೋಡಿ, ಆಮೇಲೆ ದೂರ ಹೋಗಬೇಕು.

ಹಳೆಯ ಕಾಲದ ಮರದ ದೋಣಿಗಳಲ್ಲಿ ಹಲಗೆಗಳ ಸಂದಿಗೆ ಹತ್ತಿಯನ್ನು ತುರುಕಿ, ಗೇರೆಣ್ಣೆಯಂಥ ಎಣ್ಣೆಗಳನ್ನು ಬಳಿದು ನೀರನ್ನು ತಡೆಯುತ್ತಿದ್ದರು. ಸಾಮಾನುಗಳು ಬದಲಾದವು, ಒರೆಸುವದು, ಒಣಗಿಸುವದು, ತಟ್ಟಿ ನೋಡುವದು, ಕಾಯುವದು ಇವು ಮಾತ್ರ ಬದಲಾಗಿಲ್ಲ.

ಕೆಲಸದ ನಡುವೆ ಅವರು ತೋರಿಸಿದ ಇನ್ನೆರಡು ವಸ್ತುಗಳಿದ್ದವು. ಬೂಚನ್ನು ಗಟ್ಟಿ ದಾರದಿಂದ ದೋಣಿಗೇ ಕಟ್ಟಿದ್ದರು. ತೆಗೆದ ಬೂಚು ಮರಳಿನಲ್ಲಿ ಕಳೆದುಹೋಗಬಾರದು. ಜೊತೆಗೆ ಮೆತ್ತಗಿನ ಮರದಿಂದ ಕೆತ್ತಿದ, ಗಜ್ಜರಿಯಂತೆ ತುದಿಗೆ ಕಿರಿದಾದ ಬೆಣೆಯೊಂದು ಇತ್ತು. ನಡುನೀರಿನಲ್ಲಿ ಕೊಳವೆಯೇ ಮುರಿದರೆ ಈ ಬೆಣೆಯನ್ನು ತೂತಿಗೆ ಹೊಡೆಯಬೇಕು. ಮರವು ನೀರು ಕುಡಿದು ಉಬ್ಬಿ ತಾನಾಗಿಯೇ ಬಿಗಿಯಾಗುತ್ತದೆ.

ಒಮ್ಮುಖದ ಬಾಗಿಲು

ಕೆಲವು ದೋಣಿಗಳಲ್ಲಿ ಇನ್ನೊಂದು ಬಗೆಯ ತೂಬು ಇರುತ್ತದೆ. ಜನರು ನಿಲ್ಲುವ ಮೇಲ್ಹಾಸು ಹೊರಗಿನ ನೀರಿನ ಮಟ್ಟಕ್ಕಿಂತ ಎತ್ತರದಲ್ಲಿದ್ದರೆ, ಅದರ ಮೇಲೆ ಬಿದ್ದ ನೀರು ತೇಲುವ ದೋಣಿಯಿಂದಲೂ ತಾನಾಗಿ ಹೊರಗೆ ಹರಿಯುವಂತೆ ತೂತುಗಳನ್ನು ಇಡಬಹುದು. ಹೊರಗಿನ ಬಾಯಿಗೆ ರಬ್ಬರಿನ ಮುಚ್ಚಳವನ್ನು ತೂಗುಬಿಡುತ್ತಾರೆ. ಒಳಗಿನ ನೀರು ಅದನ್ನು ನೂಕಿಕೊಂಡು ಹೊರಗೆ ಹೋಗುತ್ತದೆ. ಹೊರಗಿನ ತೆರೆ ಅದನ್ನು ಒತ್ತಿ ಮುಚ್ಚುತ್ತದೆ.

ಇದನ್ನು ತಿಳಿಯಲು ನಾವು ಕಡಲಿಗೆ ಹೋಗಬೇಕಾಗಿಲ್ಲ. ಶಾಹೂ ಮಹಾರಾಜರು ಭೋಗಾವತಿ ನದಿಗೆ ಕಟ್ಟಲು ಆರಂಭಿಸಿದ ರಾಧಾನಗರಿ ಆಣೆಕಟ್ಟಿಗೆ ಏಳು ಸ್ವಯಂಚಾಲಿತ ಬಾಗಿಲುಗಳಿವೆ. ಮಳೆಗಾಲದಲ್ಲಿ ಜಲಾಶಯ ತುಂಬಿದಾಗ ನೀರಿನ ಒತ್ತಡದಿಂದಲೇ ಅವು ತೆರೆಯುತ್ತವೆ, ನೀರು ಇಳಿದಾಗ ಮುಚ್ಚುತ್ತವೆ. ‘ಇಷ್ಟು ಬಾಗಿಲುಗಳು ತೆರೆದವು’ ಎಂಬ ಸುದ್ದಿಯನ್ನು ನೀವು ಮಳೆಗಾಲದಲ್ಲಿ ಕೇಳಿಯೇ ಇರುತ್ತೀರಿ. ರಚನೆ ಬೇರೆಯಾದರೂ, ನೀರಿನ ಬಲವನ್ನೇ ಬಾಗಿಲಿನ ಕಾವಲಿಗೆ ಹಚ್ಚುವ ಯುಕ್ತಿ ಎರಡೂ ಕಡೆಗೆ ಒಂದೇ.

ಆದರೆ ದೋಣಿಯ ಈ ತೂಬಿಗೆ ಒಂದು ಕರಾರು ಇದೆ: ಮೇಲ್ಹಾಸು ಹೊರಗಿನ ನೀರಿಗಿಂತ ಎತ್ತರದಲ್ಲಿಯೇ ಇರಬೇಕು. ಮಿತಿಮೀರಿ ಜನರನ್ನು ಹತ್ತಿಸಿದರೆ ದೋಣಿ ತಗ್ಗುತ್ತದೆ, ತೂತು ನೀರಿನ ಕೆಳಗೆ ಹೋಗುತ್ತದೆ. ಆಗ ಒಳಗಿನ ನೀರು ಹೊರಗೆ ಹೋಗಲಾರದು. ಮುಚ್ಚಳದಲ್ಲಿ ಕಸ ಸಿಕ್ಕಿದ್ದರೆ ಹೊರಗಿನದೇ ಒಳಗೆ ಬರುವದು. ಎಷ್ಟು ಒಳ್ಳೆಯ ತೂಬೂ ಮಿತಿಮೀರಿದ ಭಾರದಿಂದ ಕಾಪಾಡಲಾರದು.

ಇದು ನಮಗೇಕೆ?

ಈಗ ಮೊದಲಿನ ಪ್ರಶ್ನೆಗೆ ಬರುತ್ತೇವೆ. ನಾವು ಕಡಲಿನವರಲ್ಲ, ನಿಜ. ಆದರೆ ನಾವು ನದಿಗಳವರು. ಗಡಹಿಂಗ್ಲಜದ ಬದಿಗೆ ಹಿರಣ್ಯಕೇಶಿ ಹರಿಯುತ್ತದೆ. ಕೊಲ್ಲಾಪುರ, ಇಚಲಕರಂಜಿಗಳ ಬದಿಗೆ ಹರಿಯುವ ಪಂಚಗಂಗೆಯು ನರಸೋಬಾವಾಡಿಯಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಕೊಲ್ಲಾಪುರದ ರಾಜಾರಾಮ ಬಂಧಾರೆಯಲ್ಲಿ ಪಂಚಗಂಗೆಯ ನೀರು 39 ಅಡಿಗೆ ಏರಿದರೆ ಎಚ್ಚರಿಕೆಯ ಮಟ್ಟ, 43 ಅಡಿಗೆ ಏರಿದರೆ ಅಪಾಯದ ಮಟ್ಟ. 2005, 2019, 2021ರ ಮಹಾಪೂರಗಳನ್ನು ನಿಮ್ಮ ಮನೆಗಳಲ್ಲಿ ಹಿರಿಯರು ಮರೆತಿಲ್ಲ. ಆ ದಿನಗಳಲ್ಲಿ ರಸ್ತೆಗಳೇ ಹೊಳೆಗಳಾದವು. ಮೋಟಾರುಗಳು ಓಡಾಡಿದ ಸ್ಥಳದಲ್ಲಿ ದೋಣಿಗಳು ಓಡಾಡಿದವು. ಮುದುಕರನ್ನು, ಬಾಣಂತಿಯರನ್ನು, ಶಾಲೆಯ ಮಕ್ಕಳನ್ನು ದೋಣಿಗಳೇ ದಾಟಿಸಿದವು.

2019ರ ಆಗಸ್ಟ್ 8ರಂದು ನೆರೆಯ ಸಾಂಗ್ಲಿ ಜಿಲ್ಲೆಯ ಬ್ರಹ್ಮನಾಳದಲ್ಲಿ, ಪೂರದಿಂದ ಪಾರಾಗಲು ಜನರು ಕಿಕ್ಕಿರಿದು ಹತ್ತಿದ್ದ ದೋಣಿಯು ಮಗುಚಿ ಹಲವರು ಪ್ರಾಣ ಕಳೆದುಕೊಂಡರು. ಆ ದುರಂತಕ್ಕೆ ತೂಬು ಕಾರಣವೆಂದು ನಾವು ಹೇಳುತ್ತಿಲ್ಲ. ಆದರೆ ಕಷ್ಟದ ಸಮಯದಲ್ಲಿ ಒಂದು ಚಿಕ್ಕ ದೋಣಿಯ ಮೇಲೆ ಎಷ್ಟು ಜೀವಗಳು ನೆಚ್ಚಿಕೊಂಡಿರುವವೆಂಬದನ್ನು ಅದು ನಮ್ಮೆಲ್ಲರಿಗೂ ತೋರಿಸಿತು. ಅಂಥ ದೋಣಿಯಲ್ಲಿ ಮಿನಿಟಿಗೆ ಎರಡು ಬಕೆಟ್ಟು ನೀರಿಗೂ ಸ್ಥಳವಿರುವದಿಲ್ಲ.

ಕಡಲಿನ ಮೀನುಗಾರನು ತನ್ನ ದೋಣಿಯನ್ನು ಹೆಚ್ಚುಕಡಿಮೆ ದಿನವೂ ನೀರಿಗಿಳಿಸುತ್ತಾನೆ. ಅದರ ಕೊರತೆ ಅವನಿಗೆ ಬೇಗ ತಿಳಿಯುತ್ತದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವದರಿಂದ, ದೊಡ್ಡ ದೋಣಿಗಳ ದುರಸ್ತಿಗೆ ಅಲ್ಲಿ ಒಂದು ಋತುವೇ ಇದೆ. ಪೂರಕ್ಕೆಂದು ಕಾಯ್ದಿರಿಸಿದ ನಮ್ಮ ಕಡೆಯ ದೋಣಿಯ ಹಾಡು ಬೇರೆ. ಅದು ವರ್ಷಗಟ್ಟಲೆ ಕೊಟ್ಟಿಗೆಯ ಬದಿಗೋ ಮೈದಾನದ ಮೂಲೆಗೋ ಬಿಸಿಲಿನಲ್ಲಿ ಬಿದ್ದಿರುತ್ತದೆ. ರಬ್ಬರು ಒಣಗುತ್ತದೆ, ಪ್ಲಾಸ್ಟಿಕ್ಕು ಬಿರಿಯುತ್ತದೆ, ಬೂಚು ಹುಡುಗರ ಆಟದಲ್ಲಿ ಕಳೆಯುತ್ತದೆ. ಇವು ಯಾವವೂ ಬೇಸಿಗೆಯಲ್ಲಿ ತಿಳಿಯುವದಿಲ್ಲ. ತಿಳಿಯುವದು ನೀರು ಓಣಿಗೆ ಬಂದ ರಾತ್ರಿ. ಆಗ ಒಣಗಿಸುವದಕ್ಕೆ ಮೂರು ದಿನಗಳಿರುವದಿಲ್ಲ.

ಆದುದರಿಂದ ಪಾಲಕರಲ್ಲಿ ನಮ್ಮ ಬಿನ್ನಹವಿಷ್ಟೇ. ನಿಮ್ಮ ಊರಿನಲ್ಲಿ, ಸಂಘದಲ್ಲಿ, ಪಂಚಾಯತಿಯಲ್ಲಿ ದೋಣಿಯಿದ್ದರೆ ಪ್ರತಿವರ್ಷ ಮೇ ತಿಂಗಳಲ್ಲಿಯೇ ಅದರ ತೂಬನ್ನು ಬಿಚ್ಚಿಸಿ ನೋಡಿಸಿರಿ. ನಾಲ್ಕು ಕೊಡ ನೀರು ಸುರಿದು ಪರೀಕ್ಷಿಸಿರಿ. ಬೂಚು ದಾರದಿಂದ ಕಟ್ಟಿದೆಯೇ, ಇನ್ನೊಂದು ಬೂಚೂ ಮರದ ಬೆಣೆಯೂ ನೀರು ಎತ್ತಿ ಚೆಲ್ಲುವ ಪಾತ್ರೆಯೂ ದೋಣಿಯಲ್ಲಿವೆಯೇ ಎಂದು ವಿಚಾರಿಸಿರಿ. ಇಚಲಕರಂಜಿಯ ಮಗ್ಗದ ಮುಂದೆ ದುಡಿಯುವವರಿಗೆ ನಾವು ಹೆಚ್ಚು ಹೇಳಬೇಕಾಗಿಲ್ಲ. ಒಂದು ಸಡಿಲ ಮೊಳೆ ಎಷ್ಟು ಗಜ ಬಟ್ಟೆಯನ್ನು ಕೆಡಿಸಬಲ್ಲದೆಂಬದನ್ನು ಅವರು ಬಲ್ಲರು.

ವಿದ್ಯಾರ್ಥಿಗಳಿಗೆ ಹೇಳುವದು ಇನ್ನೂ ಚಿಕ್ಕದು. ಹಿರಿಯರಿಲ್ಲದೆ ಎಂದಿಗೂ ದೋಣಿಯನ್ನು ಹತ್ತಬೇಡಿರಿ. ಹತ್ತುವಾಗ ತೇಲುವ ಅಂಗಿ ಅಂದರೆ ಲೈಫ್ ಜಾಕೆಟ್ಟನ್ನು ತೊಟ್ಟುಕೊಳ್ಳಿರಿ. ಕಟ್ಟಿ ನಿಲ್ಲಿಸಿದ ದೋಣಿಯ ಬೂಚನ್ನು ಆಟಕ್ಕೆಂದು ಕೀಳಬೇಡಿರಿ. ದೋಣಿಯಲ್ಲಿ ಕೂಡುವ ಮೊದಲು “ಕಾಕಾ, ಬೂಚು ಹಾಕಿದ್ದೀರಾ?” ಎಂದು ಕೇಳಲು ನಾಚಬೇಡಿರಿ. ಆ ಪ್ರಶ್ನೆಗೆ ಒಳ್ಳೆಯ ಅಂಬಿಗನು ಸಿಟ್ಟಾಗುವದಿಲ್ಲ. ಬಗ್ಗಿ ಇನ್ನೊಮ್ಮೆ ಮುಟ್ಟಿ ನೋಡುತ್ತಾನೆ.

ತದಡಿಯಿಂದ ಹೊರಡುವಾಗ ನಮ್ಮ ಹುಡುಗನು ಆ ಮುರಿದ ಹಿತ್ತಾಳೆಯ ಕೊಳವೆಯನ್ನು ತನಗೆ ಕೊಡಬೇಕೆಂದು ಕೇಳಿದನು. “ಹೊಸದು ಕೂತು ಪರೀಕ್ಷೆಯಾದ ಮೇಲೆ ಕೊಡಬಹುದಿತ್ತು ತಮ್ಮಾ, ಈಗ ಬೇಡ,” ಎಂದು ಅಜ್ಜ ನಕ್ಕರು. ಅದಕ್ಕೆ ಬದಲಾಗಿ ಮುರಿದುಬಿದ್ದ ಅಂಚಿನ ಚೂರೊಂದನ್ನು ಅವನ ಅಂಗೈಯಲ್ಲಿಟ್ಟರು. ಅದು ಈಗ ನಮ್ಮ ಶಾಲೆಯ ವಿಜ್ಞಾನದ ಕಪಾಟಿನಲ್ಲಿದೆ. ಬಂದು ನೋಡಬಯಸುವ ಪಾಲಕರಿಗೆ ತೋರಿಸುತ್ತೇವೆ.